ಟಿವಿಗೆ ಹೆಡ್‌ಫೋನ್ ಹಚ್ಚುವ ಸೋವಿ ಡಬ್ಬಿ: ಎರಡು ಬೇಸಿಗೆ ಬಳಸಿದ ಮೇಲೆ

ಕಲಬುರಗಿಯ ಮೇ ತಿಂಗಳಲ್ಲಿ ಕೂಲರ್ ಹಚ್ಚಿದರೆ ಟಿವಿ ಕೇಳಿಸೋದಿಲ್ಲ, ಟಿವಿ ಏರಿಸಿದರೆ ಮಲಗಿದವರು ಬಿಡೋದಿಲ್ಲ. ಟಿವಿಯ ಹಿಂದೆ 3.5 ಎಂಎಂ ಹೆಡ್‌ಫೋನ್ ಜಾಕ್ ಇದ್ದರೆ ಮೂರು ಮೀಟರ್ ಎಕ್ಸ್‌ಟೆನ್ಷನ್ ವೈರ್ ತಂದು ಹಚ್ಚಿರಿ, ಮುಗೀತು. ಇಲ್ಲದಿದ್ದರೆ ಆಪ್ಟಿಕಲ್ ಕನ್ವರ್ಟರ್ ಬೇಕು, ಅಂದರೆ ಟಿವಿಯ ಆಪ್ಟಿಕಲ್ ಔಟ್‌ನಿಂದ ಬೆಳಕಾಗಿ ಬರುವ ದನಿಯನ್ನು ಹೆಡ್‌ಫೋನಿಗೆ ಒಗ್ಗುವಂತೆ ಮಾಡೋದು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಡಬ್ಬಿ, ಐದುನೂರರ ಆಸುಪಾಸು. ಕೆಂಪು-ಬಿಳಿ ಪಿನ್ ಅಷ್ಟೇ ಇರೋದು ಬೇಡ, ಹೆಡ್‌ಫೋನ್ ಜಾಕ್ ಇರೋದನ್ನೇ ತಗೊಳ್ರಿ.

ಟಿವಿಯಿಂದ ಡಬ್ಬಿಗೆ ಹೋಗುವ ಆಪ್ಟಿಕಲ್ ವೈರಿನ ಎರಡೂ ತುದಿಗೆ ಪಾರದರ್ಶಕ ಪ್ಲಾಸ್ಟಿಕ್ ಟೋಪಿ ಇರುತ್ತದೆ, ಕಣ್ಣಿಗೆ ಬೀಳೋದೇ ಇಲ್ಲ. ಅದನ್ನು ತೆಗೆದು, ಟಕ್ ಅನ್ನುವ ತನಕ ಒತ್ತಿರಿ. ಟಿವಿ ಆನ್ ಇದ್ದಾಗ ವೈರಿನ ಇನ್ನೊಂದು ತುದಿಯಲ್ಲಿ ಕೆಂಪು ಬೆಳಕು ಕಂಡರೆ ಅಲ್ಲಿಯ ತನಕ ಎಲ್ಲ ಸರಿ ಇದೆ.

ಇಷ್ಟಾದರೂ ದನಿ ಬರದಿದ್ದರೆ ಡಬ್ಬಿ ಕೆಟ್ಟಿದೆ ಅಂತ ವಾಪಸ್ ಒಯ್ಯಬೇಡಿ. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ 'ಆಟೋ' ಇದ್ದರೆ 'ಪಿಸಿಎಂ' (ಅಡಕ ಮಾಡದ ಸಾದಾ ದನಿ) ಮಾಡಿ. ಈ ಸೋವಿ ಡಬ್ಬಿಗಳಿಗೆ ಡಾಲ್ಬಿ, ಅಂದರೆ ಅಡಕ ಮಾಡಿ ಕಳಿಸಿದ ದನಿಯನ್ನು ಬಿಚ್ಚಲು ಬರೋದಿಲ್ಲ. ಸುದ್ದಿ ಚಾನೆಲ್ ಚೆನ್ನಾಗಿ ಕೇಳಿಸಿ, ಆ್ಯಪ್‌ನಲ್ಲಿ ಸಿನಿಮಾ ಹಚ್ಚಿದ ಕೂಡಲೇ ಮೂಕವಾದರೆ ಅಥವಾ ಗರಗರ ಅಂದರೆ ಕಾರಣ ಇದೇ.

ರಿಮೋಟ್‌ನ ವಾಲ್ಯೂಮ್ ಸಾಮಾನ್ಯವಾಗಿ ಆಪ್ಟಿಕಲ್‌ಗೆ ನಡೆಯೋದಿಲ್ಲ. ಡಬ್ಬಿಗೋ ಹೆಡ್‌ಫೋನ್ ವೈರಿಗೋ ವಾಲ್ಯೂಮ್ ತಿರುಪು ಇರಲೇಬೇಕು, ಇಲ್ಲವಾದರೆ ಕಿವಿ ಕಿತ್ತು ಬರುವಂತೆ ಹೊಡೆಯುತ್ತದೆ.

ಇನ್ನು ಗುಂಯ್ ಅನ್ನುವ ಸದ್ದು. ಆಪ್ಟಿಕಲ್‌ನಲ್ಲಿ ಹರಿಯೋದು ಬೆಳಕು, ಅದರಿಂದ ಗುಂಯ್ ಬರೋದಿಲ್ಲ. ಟಿವಿಯ ಯುಎಸ್‌ಬಿಯಿಂದ ಡಬ್ಬಿಗೆ ಕರೆಂಟ್ ಕೊಟ್ಟಾಗ ಹಿಂಬಾಗಿಲಿನಿಂದ ಬರುತ್ತದೆ. ಹಳೇ ಮೊಬೈಲಿನ 5 ವೋಲ್ಟ್ ಚಾರ್ಜರ್ ಹಚ್ಚಿ ನೋಡ್ರಿ. ಆ ಚಾರ್ಜರ್ ಇನ್ವರ್ಟರ್ ಲೈನಿನಲ್ಲೇ ಇರಲಿ, ಇಲ್ಲದಿದ್ದರೆ ಕರೆಂಟ್ ಹೋದಾಗ ಟಿವಿ ಇರುತ್ತೆ, ದನಿ ಇರೋದಿಲ್ಲ.

ಎರಡು ಬೇಸಿಗೆಯ ಸೆಖೆಗೆ ಡಬ್ಬಿ ಏನೂ ಆಗಿಲ್ಲ. ಸವೆದದ್ದು ಹೆಡ್‌ಫೋನ್ ಜಾಕ್: ದಿನಾ ಸಿಕ್ಕಿಸಿ ಕಿತ್ತರೆ ಸಡಿಲಾಗಿ ಒಂದು ಕಿವಿ ಬಂದ್. ಅದಕ್ಕೇ ಒಂದು ಗೇಣು ಎಕ್ಸ್‌ಟೆನ್ಷನ್ ವೈರನ್ನು ಡಬ್ಬಿಯಲ್ಲೇ ಕಾಯಂ ಬಿಟ್ಟು, ಹೆಡ್‌ಫೋನನ್ನು ಅದಕ್ಕೆ ಸಿಕ್ಕಿಸಿ. ಸವೆದರೆ ವೈರ್ ಸವೆಯಲಿ. ಗೋಡೆಗೆ ಹಚ್ಚಿದ ಟಿವಿಯ ಹಿಂದೆ ಆಪ್ಟಿಕಲ್ ವೈರನ್ನು ಚೂಪಾಗಿ ಮಡಚಬೇಡಿ, ಒಳಗಿನ ಎಳೆ ಮುರಿಯುತ್ತದೆ.

ಗೇಮ್ ಆಡುವವರಿಗೆ ಪಿಎಸ್4, ಪಿಎಸ್5 (ಪ್ಲೇಸ್ಟೇಷನ್) ಕಂಟ್ರೋಲರ್‌ನಲ್ಲೇ 3.5 ಎಂಎಂ ಜಾಕ್ ಇದೆ, ಡಬ್ಬಿಯ ಖರ್ಚೇ ಬೇಡ. ಪಿಎಸ್4ನಲ್ಲಿ ಬರೀ ಚಾಟ್ ದನಿ ಬಂದರೆ ಸೆಟ್ಟಿಂಗ್‌ನ ಆಡಿಯೊ ಡಿವೈಸಸ್‌ಗೆ ಹೋಗಿ 'ಆಲ್ ಆಡಿಯೊ' ಆರಿಸಿ. ಮಾಮೂಲಿ ಬ್ಲೂಟೂತ್ ಹೆಡ್‌ಫೋನ್ ಇವೆರಡಕ್ಕೂ ನೇರವಾಗಿ ಕೂಡೋದಿಲ್ಲ. ಟಿವಿಗೆ ಬ್ಲೂಟೂತ್ ಟ್ರಾನ್ಸ್‌ಮಿಟರ್ ಹಚ್ಚಬಹುದು, ಆದರೆ ಬ್ಲೂಟೂತ್ ದನಿ ಕಳಿಸುವ ಸಾದಾ ವಿಧಾನವಾದ ಎಸ್‌ಬಿಸಿಯಲ್ಲಿ ದನಿ ಸುಮಾರು 0.2 ಸೆಕೆಂಡ್ ಹಿಂದೆ ಬೀಳುತ್ತದೆ: ಬ್ಯಾಟಿಗೆ ಬಾಲ್ ತಗುಲಿ ಹೋದ ಮೇಲೆ ಟಕ್ ಅನ್ನುತ್ತೆ.

ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆ ಕಡೆ ಕೊಳ್ಳುವಾಗ ಪೊಟ್ಟಣ ಬಿಚ್ಚಿಸಿ ನೋಡ್ರಿ. ಎಷ್ಟೋ ಡಬ್ಬಿಗಳ ಜೊತೆ ಯುಎಸ್‌ಬಿ ವೈರ್ ಅಷ್ಟೇ ಇರುತ್ತದೆ, ಆಪ್ಟಿಕಲ್ ವೈರಿಗೆ ಬೇರೆ ದುಡ್ಡು.