ಕ್ರ್ಯಾಕ್ ಹಾಕಿ ಕೊಡದ ಕಂಪ್ಯೂಟರ್ ಅಂಗಡಿ, ಕಾಸರಗೋಡು: 5ಕ್ಕೆ 4

ಹೊಸ ಬಸ್‌ಸ್ಟ್ಯಾಂಡ್ ಹತ್ರ ಮಹಡಿ ಮೇಲಿರುವ ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇದು, ಬೋರ್ಡಲ್ಲಿ ಮಲಯಾಳ ಇಂಗ್ಲಿಷ್ ಮಾತ್ರ, ಒಳಗೆ ಕೂತವರು ಕನ್ನಡ ತುಳು ಎರಡೂ ಚೆಂದ ಮಾತಾಡ್ತಾರೆ. ಮನೆಯ ಹಳೇ ಲ್ಯಾಪ್‌ಟಾಪ್ ಆನ್ ಆಗುವಷ್ಟರಲ್ಲಿ ಚಾ ಕುಡಿದು ಬರ್ಬಹುದಿತ್ತು, ಹಾಗೆ ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕಿನ ಬದಲು ಹಾಕುವ ವೇಗದ ಡಿಸ್ಕು) ಹಾಕಿಸ್ಲಿಕ್ಕೆ ಹೋದೆ. ಒಟ್ಟಿಗೆ ವಿಂಡೋಸ್, ಆಫೀಸು, ಫೋಟೋಶಾಪ್ ಎಲ್ಲ ಹಾಕಿ ಬಿಡಿ ಅಂದೆ. "ಲೈಸೆನ್ಸ್ ಉಂಟಾ? ಇಲ್ಲದಿದ್ರೆ ಕ್ರ್ಯಾಕ್ ಹಾಕುದಿಲ್ಲ ಮಾರಾಯ್ರೆ" ಅಂದ್ರು ಅಂಗಡಿಯವರು. ಕ್ರ್ಯಾಕ್ ಅಂದ್ರೆ ಲೈಸೆನ್ಸ್ ಇಲ್ಲದೆ ಓಡುವ ಹಾಗೆ ಮಾಡಿದ ಕಳ್ಳ ಕಾಪಿ.

ಆದ್ರೆ ಬರಿಗೈಲಿ ಕಳಿಸ್ಲಿಲ್ಲ. ಲ್ಯಾಪ್‌ಟಾಪ್ ಒಟ್ಟಿಗೆ ಬಂದ ವಿಂಡೋಸಿನ ಲೈಸೆನ್ಸ್ ಕೀ ಮದರ್‌ಬೋರ್ಡಲ್ಲೇ ಕೂತಿರ್ತದಂತೆ, ಅದೇ ಆವೃತ್ತಿ ಹಾಕಿ ನೆಟ್ ಕೊಟ್ಟ ಕೂಡ್ಲೇ ತನ್ನಿಂತಾನೇ ಆಕ್ಟಿವೇಟ್ ಆಯ್ತು, ಒಂದು ಪೈಸೆ ಹೆಚ್ಚಿಲ್ಲ. ಇದನ್ನು ಹೇಳದೆ "ಒರಿಜಿನಲ್" ಅಂತ ಬೇರೆ ದುಡ್ಡು ಕಿತ್ತುಕೊಳ್ಳುವವರೂ ಇದ್ದಾರೆ, ಇರ್ಲಿ. ಆಫೀಸಿನ ಬದಲು ಲಿಬ್ರೆಆಫೀಸ್, ಫೋಟೋಶಾಪಿನ ಬದಲು ಗಿಂಪ್, ಎರಡೂ ಫ್ರೀ. ಮಗಳಿಗೆ ಎಂತದೂ ಹೊಸದಲ್ಲ, ಕೇರಳದ ಶಾಲೆಗಳಲ್ಲಿ ಸರಕಾರದ ಕೈಟ್ ಸಂಸ್ಥೆಯವರ ಉಬುಂಟು (ವಿಂಡೋಸಿನ ಬದಲಿನ ಫ್ರೀ ವ್ಯವಸ್ಥೆ, ಇವೆರಡೂ ಅದರಲ್ಲೇ ಉಂಟು) ತಾನೇ ಇರುದು, ಕನ್ನಡ ಮೀಡಿಯಂ ಶಾಲೆಯಲ್ಲೂ ಅದೇ. ಕಷ್ಟ ನನಗೆ: ಸಂಘದ ಹಳೇ ಆಮಂತ್ರಣ ಪತ್ರಿಕೆ ತೆರೆದ್ರೆ ಪರದೆ ತುಂಬ ಇಂಗ್ಲಿಷ್ ಅಕ್ಷರದ ರಾಶಿ, ಅದು ಈಗ ಎಲ್ಲ ಕಡೆ ಬಳಸುವ ಯುನಿಕೋಡ್ ಅಲ್ಲದ ಹಳೇ ನುಡಿ ಕನ್ನಡ ಫಾಂಟು. ನುಡಿ ಹೇಗೂ ಫ್ರೀ ಅಲ್ವಾ, ಅಲ್ಲೇ ಡೌನ್‌ಲೋಡ್ ಮಾಡಿ ಸರಿ ಮಾಡಿ ಕೊಟ್ರು.

ಲೈಸೆನ್ಸ್ ದುಡ್ಡು ಅಮೆರಿಕಕ್ಕೆ ಹೋಗ್ತದೆ, ಕ್ರ್ಯಾಕ್ ಹಾಕಿದ್ರೆ ಊರಲ್ಲೇ ಉಳೀತದಲ್ಲ ಅಂತ ಸುಮ್ನೆ ವಾದಕ್ಕೆ ಕೂತೆ. ಅವರ ಲೆಕ್ಕ ಬೇರೆ. ದೊಡ್ಡ ಕಂಪೆನಿಯದ್ದು ಪುಕ್ಕಟೆ ಸಿಕ್ರೆ ಕಡಿಮೆ ರೇಟಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ನಮ್ಮ ಹುಡುಗರದ್ದು ಯಾರು ತೆಗೊಳ್ತಾರೆ, ಮತ್ತೆ ಜನ ಆ ದೊಡ್ಡದನ್ನೇ ಅಭ್ಯಾಸ ಮಾಡ್ಕೊಂಡು ನಾಳೆ ಆಫೀಸಲ್ಲಿ ಅದನ್ನೇ ದುಡ್ಡು ಕೊಟ್ಟು ತರಿಸ್ತಾರೆ, ಲಾಭ ಆಗುದು ಕಂಪೆನಿಗೇ. ಇದಕ್ಕೆ ನನ್ನಲ್ಲಿ ಉತ್ತರ ಇರ್ಲಿಲ್ಲ. ಕಾಪಿರೈಟ್ ಕಾಯ್ದೆಯ 63ಬಿ ಸೆಕ್ಷನ್ ಕೂಡ ಅವರಿಗೆ ಬಾಯಿಪಾಠ: ಗೊತ್ತಿದ್ದೂ ಕಳ್ಳ ಸಾಫ್ಟ್‌ವೇರ್ ಬಳಸಿದ್ರೆ 7 ದಿನದಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ. ವ್ಯಾಪಾರಕ್ಕೆ ಬಳಸದಿದ್ರೆ ಜೈಲು ಬಿಟ್ಟು ದಂಡ ಮಾತ್ರ ಹಾಕ್ಲಿಕ್ಕೆ ಕೋರ್ಟಿಗೆ ಅವಕಾಶ ಉಂಟು, ಅದೂ 50 ಸಾವಿರದ ಒಳಗೆ.

ಹಾಗಂತ ಕಾನೂನು ಬಿಗಿ ಮಾಡಿದಷ್ಟೂ ಒಳ್ಳೇದು ಅಂತ ನಾನು ಒಪ್ಪುದಿಲ್ಲ. ಅಮೆರಿಕದಲ್ಲಿ ಆನ್‌ಲೈನ್ ಪೈರಸಿ ತಡೆಯುವ ಸೋಪಾ ಮಸೂದೆ ಬಂದಾಗ ಅದರ ಹೆಸರಲ್ಲಿ ವೆಬ್‌ಸೈಟನ್ನೇ ಮುಚ್ಚಿಸ್ತಾರೆ ಅಂತ 2012 ಜನವರಿ 18ಕ್ಕೆ ಇಂಗ್ಲಿಷ್ ವಿಕಿಪೀಡಿಯ ದಿನವಿಡೀ ಬಂದ್, ಮಸೂದೆ ಅಲ್ಲಿಗೇ ನಿಂತಿತು. ಈ ಅಂಗಡಿಯವರು ಯಾರನ್ನೂ ಹೆದರಿಸ್ಲಿಲ್ಲ, ಬದಲಿ ತೋರಿಸಿದ್ರು, ನಾನು ಮೆಚ್ಚಿದ್ದು ಅದನ್ನೇ.

ಒಂದು ಸ್ಟಾರ್ ಕಟ್ ಮಾಡಿದ್ದು ನಾಳೆ ನಾಳೆ ಅಂತ ಓಡಾಡಿಸಿದ್ದಕ್ಕೆ. ಬಿಲ್ ಕೇಳದೇ ಕೊಟ್ರು, ಎಸ್‌ಎಸ್‌ಡಿ ವಾರಂಟಿ ಅದರಲ್ಲೇ ಬರೆದುಂಟು. ಶುಕ್ರವಾರ ಮಧ್ಯಾಹ್ನ ಮುಚ್ಚಿರ್ತದೆ, ಮೂರು ಗಂಟೆ ಮೇಲೆ ಹೋಗಿ.