ರ‍್ಯಾಂಬೋ ಒಂದು ಕಡೆ, ಕ್ಲೋನ್ ಸೈನಿಕರು ಒಂದು ಕಡೆ, ನಡುವೆ ನಮ್ಮ ಕಾಕಾ

ನಮ್ಮ ಕಾಕಾ ಹದಿನೇಳು ವರ್ಷ ಫೌಜಿನಲ್ಲಿದ್ದು ಬಂದವರು. ಈಗ ಕಲಬುರಗಿಯಲ್ಲೇ ಒಂದು ಎಟಿಎಂ ಮುಂದೆ ರಾತ್ರಿ ಪಾಳಿಯ ವಾಚ್‌ಮನ್. ಮೇ ತಿಂಗಳ ಬಿಸಿಲಿಗೆ ಹಗಲು ನಿದ್ದೆ ಹತ್ತುವುದಿಲ್ಲವೆಂದು ನಮ್ಮ ಮನೆಗೆ ಬಂದು ಕೂಲರ್ ಮುಂದೆ ಕೂಡುತ್ತಾರೆ. ಯುದ್ಧ ಮುಗಿದ ಮೇಲೆ ಮೇಲಿನವರು ಕೈಬಿಟ್ಟ ಸೈನಿಕರ ಎರಡು ಕತೆಗಳನ್ನು ಅವರ ಜೋಡಿಯೇ ನೋಡಿದೆ. ಒಂದು 1982ರ ಸಿನಿಮಾ ‘ಫಸ್ಟ್ ಬ್ಲಡ್’. ಇನ್ನೊಂದು ಬಾಹ್ಯಾಕಾಶ ಯುದ್ಧದ ಸಿನಿಮಾಗಳಾದ ಸ್ಟಾರ್ ವಾರ್ಸ್‌ನ ಕಾರ್ಟೂನ್ ಸರಣಿ ‘ದಿ ಬ್ಯಾಡ್ ಬ್ಯಾಚ್’, 2021ರಿಂದ 2024ರವರೆಗೆ ಬಂದದ್ದು. ಕತೆ ಮೊದಲೇ ಗೊತ್ತಾಗಬಾರದು ಅನ್ನುವವರು ಇಲ್ಲೇ ನಿಲ್ಲಿಸಿ.

ರ‍್ಯಾಂಬೋ ವಿಯೆಟ್ನಾಂ ಯುದ್ಧ ಮುಗಿಸಿ ಬಂದ ಅಮೆರಿಕದ ಸೈನಿಕ, ‘ಫಸ್ಟ್ ಬ್ಲಡ್’ನ ನಾಯಕ. ಒಂದು ಊರಿನ ಶೆರೀಫ್, ಅಂದರೆ ಪೊಲೀಸ್ ಮುಖ್ಯಸ್ಥ, ಅವನನ್ನು ಅಲೆಮಾರಿಯೆಂದು ಹೊರಗಟ್ಟುತ್ತಾನೆ, ಅಲ್ಲಿಂದ ಕಾಡು, ಬಂದೂಕು, ಬೆಂಕಿ. ಹೊಡೆದಾಟ ಇಬ್ಬರಿಗೂ ಹಿಡಿಸಿತು. ಆದರೆ ಸಿನಿಮಾ ಇರುವುದು ಕೊನೆಯಲ್ಲಿ: ಯುದ್ಧದಲ್ಲಿ ಲಕ್ಷಗಟ್ಟಲೆ ಡಾಲರಿನ ಸಾಮಾನು ನನ್ನ ಕೈಯಲ್ಲಿತ್ತು, ಇಲ್ಲಿ ಪಾರ್ಕಿಂಗ್ ಕೆಲಸವೂ ನಿಲ್ಲುವುದಿಲ್ಲ ಎಂದು ತನ್ನ ಹಳೆಯ ಕರ್ನಲ್ ಎದುರು ಅಳುತ್ತಾನೆ. ಕಾಕಾ ಆಗ ನೀರು ಕುಡಿಯಲು ಎದ್ದುಹೋದರು. 1972ರ ಕಾದಂಬರಿಯಲ್ಲಿ ಅವನು ಸಾಯುತ್ತಾನೆ, ಸಿನಿಮಾದವರು ಉಳಿಸಿದರು ಅಂದೆ. “ಉಳಸ್ಯಾರಂದ್ರ ಪಾರ್ಟ್ ಟೂ ಮಾಡ್ಲಿಕ್ಕೇ ಇರ್ಬೇಕು” ಅಂದರು.

ಕಾರ್ಟೂನ್ ಹಚ್ಚಿದಾಗ ಮೂಗು ಮುರಿದರು. ಕ್ಲೋನ್ ಸೈನಿಕರೆಂದರೆ ಒಬ್ಬನದೇ ಪಡಿಯಚ್ಚುಗಳು, ಅವರನ್ನು ಯುದ್ಧಕ್ಕೆಂದೇ ಬೆಳೆಸಿದ್ದು, ಅವರಿಗೆ ದುಪ್ಪಟ್ಟು ವೇಗದಲ್ಲಿ ವಯಸ್ಸಾಗುತ್ತದೆ ಎಂದು ತಿಳಿಸಿದೆ. “ಹಂಗಾದ್ರ ಪೆನ್ಶನ್‌ನೂ ಲಗೂ ಸಿಗ್ಬೇಕಲ್ಲ?” ಸಿಗುವುದು ಪೆನ್ಶನ್ ಅಲ್ಲ, ಅವರ ಜಾಗಕ್ಕೆ ಬೇರೆಯವರನ್ನು ತರುವ ಮಸೂದೆ. ಯುದ್ಧ ಮುಗಿದೊಡನೆ ಸಾಮ್ರಾಜ್ಯಕ್ಕೆ ಹೊಸ ಭರತಿಯ ಸೈನಿಕರು ಬೇಕಾಗುತ್ತಾರೆ. ಕ್ಲೋನ್‌ಗಳು ಹುಟ್ಟಿದ ನಗರವನ್ನೇ ಅಡ್ಮಿರಲ್ ಒಬ್ಬ ನಾಶಮಾಡಿದ ಗುಟ್ಟು ಸೆನೆಟ್‌ನಲ್ಲಿ ಬಯಲಾದಾಗ ಚಕ್ರವರ್ತಿ ಅದನ್ನೇ ಉಲ್ಟಾ ತಿರುಗಿಸುತ್ತಾನೆ: ಇಂಥ ಹುಕುಂ ಪ್ರಶ್ನಿಸದೆ ಪಾಲಿಸಿದ ಕ್ಲೋನ್‌ಗಳನ್ನು ಹೇಗೆ ನಂಬುವುದು? ಮಸೂದೆ ಪಾಸು. ಕಾಕಾ ನೆಟ್ಟಗೆ ಕುಂತರು. “ಹುಕುಂ ಕೇಳಿದ್ದೇ ತಪ್ಪಾತು ನೋಡು.”

ಎರಡನೇ ಸೀಸನ್ನಿನ ಹನ್ನೆರಡನೇ ಕಂತನ್ನು ಎರಡು ಸಲ ಹಚ್ಚಿಸಿದರು. ಹಿಮದ ಪೋಸ್ಟ್ ಒಂದರಲ್ಲಿ ಮೇಡೇ ಎಂಬ ಕ್ಲೋನ್ ಕಮಾಂಡರ್ ಸರಕಿನ ಪೆಟ್ಟಿಗೆಗಳನ್ನು ಕಾಯುತ್ತಿರುತ್ತಾನೆ. ಜೊತೆಯವರು ಒಬ್ಬೊಬ್ಬರೇ ಸತ್ತಿದ್ದಾರೆ. ಕೇಳಿದ ಸಾಮಾನು ಬರುವುದಿಲ್ಲ. ಪೆಟ್ಟಿಗೆ ಒಡೆದರೆ ಒಳಗೆ ಹೊಚ್ಚಹೊಸ ಕವಚಗಳು, ಇವರ ಜಾಗಕ್ಕೆ ಬರುವವರಿಗಾಗಿ. ಗಾಯಗೊಂಡ ಮೇಡೇಯನ್ನು ಜೊತೆಗಿದ್ದ ಇನ್ನೊಬ್ಬ ಕ್ಲೋನ್ ಕ್ರಾಸ್‌ಹೇರ್ ಹೊತ್ತು ತರುತ್ತಾನೆ, ಅಧಿಕಾರಿ ಔಷಧ ಕೊಡಿಸಲು ಒಪ್ಪುವುದಿಲ್ಲ. ಮೇಡೇ ಅಲ್ಲೇ ಸಾಯುತ್ತಾನೆ. ಕ್ರಾಸ್‌ಹೇರ್ ಅಧಿಕಾರಿಗೆ ಗುಂಡಿಕ್ಕುತ್ತಾನೆ. ಕಾಕಾ ಗುಂಡಿನ ಸುದ್ದಿ ಎತ್ತಲಿಲ್ಲ, ಪೆಟ್ಟಿಗೆ ತೆಗೆದ ದೃಶ್ಯಕ್ಕೇ ಹಿಂದೆ ಹೋಗು ಅಂದರು.

ನನ್ನ ಓಟು ಈಗಲೂ ರ‍್ಯಾಂಬೋನ ಕೊನೆಯ ಹತ್ತು ನಿಮಿಷಕ್ಕೆ, ನಟನೆಯಲ್ಲಿ ಅದರ ಮುಂದೆ ಕಾರ್ಟೂನ್ ನಿಲ್ಲದು. ಕಾಕಾ ಒಪ್ಪಲಿಲ್ಲ. “ಅಂವಗ ಬಡೀಲಿಕ್ಕೆ ಒಬ್ಬ ಶೆರೀಫ್ ಸಿಕ್ಕ. ಇವರನ್ನ ತೆಗದಿದ್ದು ಕಾಗದ. ಕಾಗದಕ್ಕ ಹೆಂಗ್ ಬಡೀತಿ?” ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಸರಣಿಯಲ್ಲಿ ಜಾಳು ಕಂತುಗಳು ಬಹಳ, ಅವುಗಳಲ್ಲಿ ಕಾಕಾ ಗೊರಕೆ ಹೊಡೆದದ್ದೂ ಉಂಟು.

ರಾತ್ರಿ ಟಾರ್ಚು, ರೊಟ್ಟಿ ಗಂಟು ಹಿಡಿದು ಡ್ಯೂಟಿಗೆ ಹೋದವರು ಬೆಳಿಗ್ಗೆ ಚಾ ಕುಡಿಯುತ್ತ ಕೇಳಿದರು: “ಆ ಪೆಟಗಿ ಕಾಯ್ತಿದ್ನಲ್ಲ, ಏನಂದಿ ಅವನ ಹೆಸರು?”