ಹತ್ತಿಯ ಒಳಉಡುಪು: ಎರಡು ವರ್ಷ ಬಳಸಿದ ಮೇಲೆ ನನ್ನ ಅನಿಸಿಕೆ

ಒಳಉಡುಪಿನ ಬಗ್ಗೆ ಬರೆಯುವವರೇ ಕಡಿಮೆ. ಬರೆದರೂ ಬಂದ ದಿನವೇ "ಮೆತ್ತಗಿದೆ, ಸೈಜ್ ಸರಿ ಇದೆ" ಅಂತ ಎರಡು ಮಾತು. ಅದರ ನಿಜವಾದ ಗುಣ ಗೊತ್ತಾಗುವುದು ಎಷ್ಟೋ ಸಲ ಒಗೆದ ಮೇಲೆ, ಅಲ್ವಾ? ಅದಕ್ಕೇ ಇಷ್ಟು ಕಾದು ಬರೆಯುತ್ತಿದ್ದೇನೆ.

ನನ್ನದು ಹೆಂಗಸರ ಸಾದಾ ಬ್ರೀಫ್. 95 ಭಾಗ ಹತ್ತಿ, 5 ಭಾಗ ಎಲಾಸ್ಟೇನ್ ಅನ್ನುವ ಹಿಗ್ಗುವ ನೂಲು. ಲೈನಿಂಗ್, ಅಂದರೆ ತೊಡೆಸಂದಿನ ಜಾಗದಲ್ಲಿ ಒಳಗೆ ಹೊಲಿದ ಪದರ, ಪೂರ್ತಿ ಹತ್ತಿ. ಕೊಳ್ಳುವಾಗ ಮೊದಲು ನೋಡಬೇಕಾದ್ದು ಈ ಲೈನಿಂಗನ್ನೇ. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಶೇಕಡಾ 8ರಷ್ಟು ತೇವ ಹೀರಿಕೊಂಡಿರುತ್ತದೆ. ಪಾಲಿಯೆಸ್ಟರ್ ಶೇಕಡಾ ಅರ್ಧದಷ್ಟೂ ಇಲ್ಲ. ದಿನವಿಡೀ ಕೂತು ಕೆಲಸ ಮಾಡುವವರಿಗೆ ಈ ವ್ಯತ್ಯಾಸ ಸಂಜೆ ಹೊತ್ತಿಗೆ ತೊಡೆಸಂದಿನಲ್ಲೇ ಗೊತ್ತಾಗುತ್ತದೆ.

ಕಪ್ಪು ಬಣ್ಣದವುಗಳಲ್ಲಿ ಲೈನಿಂಗ್ ಮಧ್ಯೆ ಕಿತ್ತಳೆ ಛಾಯೆಯ ಮಾಸಲು ಪಟ್ಟೆ ಬಿದ್ದಿದೆ. "ಬಣ್ಣ ಕಳಪೆ" ಅಂತ ಕೆಲವರು ಇದಕ್ಕೇ ಸ್ಟಾರ್ ಕಡಿಮೆ ಕೊಟ್ಟಿದ್ದಾರೆ. ಅದು ಕೊಳೆಯೂ ಅಲ್ಲ, ಕಾಯಿಲೆಯೂ ಅಲ್ಲ. ಯೋನಿಯೊಳಗೆ ಇರುವ ಲ್ಯಾಕ್ಟೋಬ್ಯಾಸಿಲಸ್ ಅನ್ನುವ ಒಳ್ಳೆ ಬ್ಯಾಕ್ಟೀರಿಯಾ ಲ್ಯಾಕ್ಟಿಕ್ ಆಮ್ಲ ತಯಾರಿಸುತ್ತದೆ. ಹೆರುವ ವಯಸ್ಸಿನವರಲ್ಲಿ ಅಲ್ಲಿನ ಪಿಎಚ್ (ಹುಳಿಯ ಅಳತೆ, ಕಡಿಮೆ ಇದ್ದಷ್ಟೂ ಹುಳಿ ಜಾಸ್ತಿ) ಸಾಮಾನ್ಯವಾಗಿ 3.8ರಿಂದ 4.5. ಆ ಹುಳಿ ದಿನಾ ತಾಗಿ ತಾಗಿ ಬಟ್ಟೆಯ ಬಣ್ಣ ತಿನ್ನುತ್ತದೆ. ಕೆಟ್ಟ ರೋಗಾಣುಗಳನ್ನು ದೂರ ಇಡುವುದೂ ಅದೇ ಹುಳಿ. ಆ ಪಟ್ಟೆ ನೋಡಿ ಮುಜುಗರಪಟ್ಟು, ಪರಿಮಳದ ಸೋಪಿನಿಂದ ಒಳಗೆಲ್ಲ ತೊಳೆಯುವ ಹೆಣ್ಣುಮಕ್ಕಳಿದ್ದಾರೆ. ದಯವಿಟ್ಟು ಬೇಡ. ಒಳಭಾಗ ತಾನೇ ಶುಚಿಯಾಗುತ್ತದೆ. ಹೊರಗೆ ನೀರು ಸಾಕು. ಬೇಕೆನಿಸಿದರೆ ವಾಸನೆಯಿಲ್ಲದ ಮೃದುವಾದ ಸೋಪು. ತುರಿಕೆ, ಉರಿ, ಕೆಟ್ಟ ವಾಸನೆ, ಗಡ್ಡೆಗಟ್ಟಿದಂಥ ಬಿಳಿ ಸ್ರಾವ ಕಂಡರೆ ಮಾತ್ರ ಡಾಕ್ಟರಿಗೆ ತೋರಿಸಿ.

ಒಗೆಯುವುದು ಸುಲಭ. ರಕ್ತದ ಕಲೆಗೆ ತಣ್ಣೀರು. ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ. ಫ್ಯಾಬ್ರಿಕ್ ಸಾಫ್ಟನರ್ ಹಾಕುವುದಿಲ್ಲ, ಅದು ನೂಲಿನ ಮೇಲೆ ಪದರ ಕಟ್ಟಿ ಹೀರುವ ಗುಣ ತಗ್ಗಿಸುತ್ತದೆ.

ಒಣಗಿಸುವುದೇ ನಿಜವಾದ ತಲೆನೋವು. ಮೈಬಟ್ಟೆ ಗರಿಗರಿ ಆಗಿದ್ದರೂ ಸೊಂಟದ ಪಟ್ಟಿಯಲ್ಲಿ ಹಸಿ ಉಳಿದಿರುತ್ತದೆ. ಮಡಚಿಡುವ ಮುಂಚೆ ಆ ಪಟ್ಟಿಯನ್ನೂ ಲೈನಿಂಗನ್ನೂ ಎರಡು ಬೆರಳಲ್ಲಿ ಒತ್ತಿ ನೋಡುತ್ತೇನೆ. ತಣ್ಣಗೆ ತಾಗಿದರೆ ಮತ್ತೆ ಹಗ್ಗಕ್ಕೆ. ಯಾರಾದರೂ ನೋಡಿಯಾರು ಅಂತ ಮೇಲೆ ಇನ್ನೊಂದು ಬಟ್ಟೆ ಹೊದಿಸಿ ಒಣಹಾಕಬೇಡಿ. ಗಾಳಿ ಬೇಕು, ಬಿಸಿಲಿದ್ದರೆ ಇನ್ನೂ ಒಳ್ಳೆಯದು. ಫಂಗಸ್‌ಗೆ ಬೇಕಾಗಿರುವುದೇ ಆ ತೇವ. ಕಾಲ್ಬೆರಳ ಸಂದಿಯಲ್ಲಿ ಫಂಗಸ್ ಇದ್ದವರು ಮೊದಲು ಸಾಕ್ಸ್ ಹಾಕಿಕೊಂಡು ಆಮೇಲೆ ಒಳಉಡುಪು ಏರಿಸಿ. ಇಲ್ಲದಿದ್ದರೆ ಪಾದದ ಸೋಂಕು ಬಟ್ಟೆಗೆ ಅಂಟಿಕೊಂಡು ತೊಡೆಸಂದಿಗೆ ಹೋಗಬಹುದು.

ಕೊರತೆಗಳೂ ಇವೆ. ವ್ಯಾಯಾಮಕ್ಕೆ ಇದು ಆಗುವುದಿಲ್ಲ. ಬೆವರು ಹೀರುತ್ತದೆ ನಿಜ, ಆದರೆ ಬೇಗ ಆರುವುದಿಲ್ಲ. ಮುಗಿಸಿದ ತಕ್ಷಣ ಬದಲಾಯಿಸಲೇಬೇಕು. ಮೊದಲ ಒಗೆತಕ್ಕೆ ಚೂರು ಕುಗ್ಗಿತು. ಒಂದೂವರೆ ವರ್ಷ ದಾಟಿದ ಮೇಲೆ ಕಾಲಿನ ಎಲಾಸ್ಟಿಕ್ ಅಲೆಅಲೆಯಾಗಿ ಸಡಿಲವಾಯಿತು. ಹೊಲಿಗೆ ಮಾತ್ರ ಎಲ್ಲೂ ಬಿಟ್ಟಿಲ್ಲ.

ಮತ್ತೆ ಇದನ್ನೇ ಕೊಂಡಿದ್ದೇನೆ, ಒಂದು ಸೈಜ್ ದೊಡ್ಡದು. ಕಂಪನಿಯವರಲ್ಲಿ ಒಂದು ಕೋರಿಕೆ ಇದೆ. ಲೈನಿಂಗ್ ಯಾವ ಬಟ್ಟೆ ಅಂತ ಪ್ಯಾಕೆಟ್ ಮೇಲೆ ಮಾತ್ರ ಇದೆ, ಅದನ್ನು ಯಾರೂ ಎತ್ತಿಡುವುದಿಲ್ಲ. ಉಡುಪಿನ ಮೇಲೆಯೇ ಅಚ್ಚು ಹಾಕಿ ಕೊಡಿ.